ಬೈಸಿಕೊಳ್ಳುವ ಹುದ್ದೆ ಖಾಲಿ ಇದೆ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಮೊನ್ನೆ ಒಬ್ಬ ಯುವ ನಾಯಕರು ಆರು ಬೆರಳಿನಲ್ಲಿ ಕೈ ಮುಗಿದು ನಿಂತಿದ್ದರು. ಹುಟ್ಟುಹಬ್ಬದ ಫ್ಲೆಕ್ಸು. ಹಿಂದೆ ಸಿಂಹ, ಸಿಂಹದ ಹಿಂದೆ ಹಿಮಾಲಯ, ಅದರ ಮೇಲೆ ಹದ್ದು. ಕೆಳಗಿನ ಅಕ್ಷರಗಳಿಗೆ ಕನ್ನಡದ ಮೈಕಟ್ಟೇನೋ ಇತ್ತು, ಓದಲು ಮಾತ್ರ ಬರುತ್ತಿರಲಿಲ್ಲ. ಒತ್ತಕ್ಷರಗಳು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹಾಗೆ ಯಾರದೋ ಕೈ ಹಿಡಿದು ನಿಂತಿದ್ದವು. ಆದರೂ ಅಭಿಮಾನಿಗಳಿಗೆ ಖುಷಿಯೋ ಖುಷಿ. ಎಐ ಪುಕ್ಕಟೆ ಮಾಡಿಕೊಟ್ಟಿತ್ತಲ್ಲ! ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ ಎಂಬುದನ್ನು ಅದು ಹೇಳಲಿಲ್ಲ. ಇವರೂ ಕೇಳಲಿಲ್ಲ ಬಿಡಿ.

ಕಲಾವಿದರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಜಗತ್ತೇ ಈಗ ಹೌಹಾರಿದೆ. ನಮ್ಮೂರಿಗೆ ಇದು ಹೊಸದಲ್ಲ. ಗೋಡೆಗಳ ಮೇಲೆ ಬ್ರಶ್ಶಿನಲ್ಲಿ ಬೀಡಿ, ಸಿಮೆಂಟು, ನಾಟಕ ಕಂಪನಿಗಳ ಹೆಸರು ಬರೆದು, ಮೂಲೆಯಲ್ಲಿ 'ಆರ್ಟ್ಸ್' ಎಂದು ಸಹಿ ಹಾಕುತ್ತಿದ್ದವರನ್ನು ಇದೇ ಫ್ಲೆಕ್ಸು ಮನೆಗೆ ಕಳಿಸಿತು. ಆಗ ಯಾರೂ ವಿಚಾರ ಸಂಕಿರಣ ಮಾಡಲಿಲ್ಲ. ಬೆಣ್ಣೆ ದೋಸೆಯ ಮೇಲೆ ಇನ್ನೊಂದು ಉಂಡೆ ಬೆಣ್ಣೆ ಹಾಕಿಸಿಕೊಂಡು ತುಟಿ ಪಿಟಕ್ಕೆನ್ನದೆ ದುಡ್ಡು ಕೊಡುವ ಜನ, ಡಿಸೈನಿಗೆ ಇನ್ನೂರು ಕೇಳಿದರೆ, "ಎರಡು ಸಲ ಮೌಸ್ ಒತ್ತೋಕೆ ಇನ್ನೂರಾ?" ಎನ್ನುತ್ತಿದ್ದರು. ಎಐ ಬಂದು ಇವರ ಜಿಪುಣತನಕ್ಕೆ ತಂತ್ರಜ್ಞಾನ ಎಂಬ ಮರ್ಯಾದಸ್ತ ಹೆಸರು ಕೊಟ್ಟಿದೆ, ಅಷ್ಟೆ.

ಈಗ ಮಾತ್ರ ವಿಚಾರ ಸಂಕಿರಣ ಆಗಿಯೇ ಹೋಯಿತು. ವಿಷಯ: 'ಸೃಜನಶೀಲತೆಗೆ ಎಐ ಕಂಟಕ.' ಆಮಂತ್ರಣ ಪತ್ರಿಕೆ ಎಐ ಬರೆದದ್ದು, ನಿರೂಪಣೆ ಎಐ ಬರೆದದ್ದು. ಎಐ ವಿರುದ್ಧ ಅಧ್ಯಕ್ಷರು ಗುಡುಗಿದ ಭಾಷಣವೂ ಎಐ ಬರೆದದ್ದೇ. ಕೊನೆಯಲ್ಲಿದ್ದ "ಇದನ್ನು ಇನ್ನಷ್ಟು ಚಿಕ್ಕದಾಗಿ ಮಾಡಿಕೊಡಲೇ?" ಎಂಬ ಸಾಲನ್ನೂ ಅವರು ಅದೇ ಗತ್ತಿನಲ್ಲಿ ಓದಿದರು. ಸಭೆ ಒಕ್ಕೊರಲಿನಿಂದ "ಹೂಂ" ಅಂದಿತು.

ಹಾಲಿವುಡ್ಡಿನ ಚಿತ್ರಕಥೆಗಾರರು 2023ರಲ್ಲಿ 148 ದಿನ ಮುಷ್ಕರ ಕೂತು, ಎಐ ಬರೆದದ್ದನ್ನು ಸಾಹಿತ್ಯವೆಂದು ಪರಿಗಣಿಸುವಂತಿಲ್ಲ ಎಂದು ಬರೆಸಿಕೊಂಡೇ ಎದ್ದರು ಎಂದು ಒಬ್ಬ ಉಪನ್ಯಾಸಕರು ಹೇಳಿದರು. ಹಿಂದಿನ ಸಾಲಿನಲ್ಲಿದ್ದ ಫ್ಲೆಕ್ಸ್ ಅಂಗಡಿಯ ಡಿಸೈನರ್ ಹುಡುಗನಿಗೆ ಹುರುಪು ಬಂತು. ಪಕ್ಕದಲ್ಲೇ ಕೂತಿದ್ದ ಮಾಲೀಕರು, "ಮಾಡಪ್ಪ ಸ್ಟ್ರೈಕು. ಬ್ಯಾನರ್ ಬೇಕಾದ್ರೆ ಎಐನಾಗೆ ನಾನೇ ತೆಗೆಸಿಕೊಡ್ತೀನಿ" ಅಂದರು.

ಕಳ್ಳ ತಾಣಗಳಿಂದ ಇಳಿಸಿಕೊಂಡಿದ್ದ ಪುಸ್ತಕಗಳಿಗಾಗಿ ಆಂಥ್ರಾಪಿಕ್ ಎಂಬ ಎಐ ಕಂಪನಿ 2025ರಲ್ಲಿ 150 ಕೋಟಿ ಡಾಲರ್ ಕೊಡಲು ಒಪ್ಪಿತು, ಪುಸ್ತಕಕ್ಕೆ ಸುಮಾರು 3,000 ಡಾಲರ್ ಎಂಬ ಮಾತೂ ಬಂತು. ಇದನ್ನು ಕೇಳಿದ ನಮ್ಮ ಕವಿಯೊಬ್ಬರು ಊಟಕ್ಕೂ ನಿಲ್ಲದೆ ಮನೆಗೆ ಓಡಿದರು. ಸಂಜೆ ಫೋನ್ ಮಾಡಿದಾಗ ದನಿ ಕುಸಿದಿತ್ತು. "ಏಳು ಸಂಕಲನ ತಂದೀನ್ರಿ. ಒಂದನ್ನಾದ್ರೂ ಕದಿಯಬಾರದಿತ್ತಾ?"

ಡಿಸೈನರ್ ಹುಡುಗನನ್ನು ಮುಂದಿನ ವಾರವೇ ಬಿಡಿಸಿದರು. ಆಮೇಲೆ ದುಗ್ಗಮ್ಮನ ಜಾತ್ರೆಯ ಫ್ಲೆಕ್ಸ್ ಬಂತು ನೋಡಿ. ಅದರ ಕೆಳಗೆ 'ಶುಭ ಕೋರುವವರು' ಎಂದು ಸಾಲಾಗಿ ಇಡುವ ಪಾಸ್‌ಪೋರ್ಟ್ ಫೋಟೊಗಳಿವೆಯಲ್ಲ, ಅಸಲಿ ವಿದ್ಯೆ ಇರುವುದೇ ಅಲ್ಲಿ. ಯಾರ ತಲೆ ಯಾರಿಗಿಂತ ಒಂದು ನೂಲು ದೊಡ್ಡದಿರಬೇಕು, ಯಾವ ಮಾವನ ಪಕ್ಕ ಯಾವ ಅಳಿಯ ಬರಕೂಡದು, ಟಿಕೆಟ್ ಕೈತಪ್ಪಿದವರು ಎಷ್ಟು ದೂರದಲ್ಲಿರಬೇಕು, ಇವೆಲ್ಲ ಆ ಹುಡುಗನಿಗೆ ಬಾಯಿಪಾಠ. ಎಐ ಇಬ್ಬರು ಬದ್ಧವೈರಿಗಳನ್ನು ಅಕ್ಕಪಕ್ಕ ಕೂರಿಸಿ, ಹೆಗಲ ಮೇಲೆ ಕೈ ಹಾಕಿಸಿ ನಗಿಸಿಬಿಟ್ಟಿತು.

ಎರಡೂ ಕಡೆಯವರು ಅಂಗಡಿಗೆ ನುಗ್ಗಿದರು. ಮಾಲೀಕರು ಕಂಪ್ಯೂಟರ್ ತೋರಿಸಿದರು. ಎಷ್ಟು ಬೈದು ಟೈಪ್ ಮಾಡಿದರೂ ಅದು, "ಕ್ಷಮಿಸಿ, ನೀವು ಹೇಳಿದ್ದು ಸಂಪೂರ್ಣ ಸರಿ" ಎನ್ನುತ್ತಿತ್ತು. ಬೈದವರಿಗೆ ಸಮಾಧಾನವೇ ಆಗಲೊಲ್ಲದು. "ಬೈದ್ರೆ ಮುಖ ಸಣ್ಣದಾಗಬೇಕಲ್ರಿ, ಇದಕ್ಕೆ ಮುಖಾನೇ ಇಲ್ಲ" ಎಂದು ಇನ್ನಷ್ಟು ಕೆರಳಿದರು.

ಹುಡುಗನಿಗೆ ಮತ್ತೆ ಕರೆ ಹೋಯಿತು. ಎಐನಿಂದ ಹೊಸ ಉದ್ಯೋಗಗಳು ಹುಟ್ಟುತ್ತವೆ ಎಂದು ತಜ್ಞರು ಹೇಳುತ್ತಿದ್ದುದು ಇದನ್ನೇ ಇರಬೇಕು. ಸಂಬಳ ಮಾತ್ರ ಮೊದಲಿನ ಅರ್ಧ. "ಡಿಸೈನ್ ಅದು ಮಾಡುತ್ತಲ್ಲಪ್ಪಾ, ನಿಂದು ಬರೀ ಕರೆಕ್ಷನ್ನು" ಎಂದರಂತೆ ಮಾಲೀಕರು. ಕರೆಕ್ಷನ್ನಿಗೆ ದುಡ್ಡು ಕೊಡುವ ಪದ್ಧತಿ ನಮ್ಮೂರಲ್ಲಿ ಮೊದಲಿನಿಂದಲೂ ಇಲ್ಲ.