ಉಚಿತ ಕಾನೂನು ಸಲಹೆ ಕೇಂದ್ರಕ್ಕೆ ಸರ್ಕಾರದ ದುಡ್ಡು: ಬೇಕೋ, ಬೇಡವೋ?

ಪರ: ಝೆರಾಕ್ಸ್ ಅಂಗಡಿಯವನೇ ವಕೀಲನಾದರೆ ಹೇಗೆ?

ಬಾಗಲಕೋಟೆ ನವನಗರದ ಕಚೇರಿಗಳ ಆಸುಪಾಸಿನ ಝೆರಾಕ್ಸ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. "ಮೂರು ತಿಂಗಳಾತ್ರಿ, ಪಗಾರ ಬಂದಿಲ್ಲ" ಎನ್ನುತ್ತಾರೆ ಒಬ್ಬ ಅಜ್ಜಿ. ನಿಂತಿರುವುದು ಸಂಧ್ಯಾ ಸುರಕ್ಷಾ ಪಿಂಚಣಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿಹೋಗಿದ್ದರೆ ಬ್ಯಾಂಕಿನಲ್ಲೇ ಒಂದು ಫಾರ್ಮ್ ಕೊಟ್ಟರೆ ಸಾಕು. ಆದರೆ ಅಂಗಡಿಯವನು ಅದನ್ನು ಹೇಳುವುದಿಲ್ಲ. "ಹೊಸಾ ಅರ್ಜಿ ಹಾಕೋಣ್ರಿ ಯವ್ವಾ" ಅಂತ ದುಡ್ಡು ಎಣಿಸಿಕೊಳ್ಳುತ್ತಾನೆ.

ಇದು ಸಣ್ಣ ಪೆಟ್ಟು. ದೊಡ್ಡದು ಜಮೀನಿನದು. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರಿದರೆ ಇನ್ನೂ ಎಷ್ಟೋ ಹೊಲ, ಮನೆ ಹೋಗುತ್ತವೆ. ಭೂಸ್ವಾಧೀನದ ಐತೀರ್ಪು, ಅಂದರೆ ಪರಿಹಾರ ಇಷ್ಟು ಅಂತ ಅಧಿಕಾರಿ ಕೊಡುವ ಆದೇಶ, ಹೇಳುವಾಗ ಹಾಜರಿದ್ದವರು ಪರಿಹಾರ ಸಾಲದು ಅನಿಸಿದರೆ 6 ವಾರದೊಳಗೆ ಅರ್ಜಿ ಕೊಡಬೇಕು. ಈ ಗಡುವು ಎಷ್ಟು ರೈತರಿಗೆ ಗೊತ್ತು?

ಬಡವರಿಗೆ ಉಚಿತ ಕಾನೂನು ನೆರವು ಸಿಗಬೇಕು ಅಂತ 1976ರಲ್ಲೇ ಸಂವಿಧಾನಕ್ಕೆ 39ಎ ವಿಧಿ ಸೇರಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರಲ್ಲಿ ಜಾರಿಗೆ ಬಂತು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಒಳ್ಳೆಯದೇ. ಆದರೆ ಜನ ಆ ಪ್ರಾಧಿಕಾರಗಳ ಹತ್ತಿರ ಹೋಗುವುದು ಕೇಸು ಬಿದ್ದ ಮೇಲೆ. ಸಹಿ ಹಾಕುವ ಮೊದಲು ಕಾಗದ ಓದಿ ಹೇಳುವವರು ಬೇಕು, ಅದೂ ಹೋಬಳಿಯಲ್ಲಿ, ದಿನಾ. ಅವರ ಸಂಬಳ ಸರ್ಕಾರವೇ ಕೊಡಬೇಕು. ಪಿಂಚಣಿ ನಿಂತವರ ಹತ್ತಿರ ಫೀ ಕೇಳೋಕಾಗುತ್ತಾ?

ವಿರೋಧ: ಎದುರಾಳಿಯೇ ಸಂಬಳ ಕೊಟ್ಟರೆ?

ಆಲಮಟ್ಟಿ ವಿಷಯ ತೆಗೆದಿದ್ದು ಒಳ್ಳೆಯದಾಯಿತು. ಅಲ್ಲಿ ರೈತನ ಎದುರಿಗೆ ನಿಂತಿರುವುದು ಸರ್ಕಾರವೇ. "ಕನ್ಸೆಂಟ್ ಅವಾರ್ಡ್‌ಗೆ ಅಂದ್ರ ಈ ಪರಿಹಾರಕ್ಕೆ ಒಪ್ಪಿಗೆ ಅನ್ನೋ ಐತೀರ್ಪಿಗೆ ಸಹಿ ಹಾಕಬೇಡ್ರಿ ಕಾಕಾ, ಆಮೇಲೆ ಹೆಚ್ಚಿನ ಪರಿಹಾರ ಕೇಳೋದು ಕಷ್ಟ" ಅಂತ ಸರ್ಕಾರದ ಸಂಬಳ ತಿನ್ನುವವರು ಹೇಳುತ್ತಾರಾ? ಒಬ್ಬಿಬ್ಬರು ಹೇಳಬಹುದು. ಅವರ ಗುತ್ತಿಗೆ ಮುಂದಿನ ವರ್ಷ ಮುಂದುವರಿಯುತ್ತದೆ ಅಂತ ನನಗೇನೋ ನಂಬಿಕೆ ಇಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರಲ್ವಾ ಅನ್ನಬಹುದು. ಹೌದು, ಅದಕ್ಕೇ ಅದರ ಮೇಲೆ ಜನರಿಗೆ ಸ್ವಲ್ಪವಾದರೂ ಭರವಸೆ. ಹಾಗಿದ್ದರೆ ಇರುವುದನ್ನೇ ಬಲಪಡಿಸಿ. ತಾಲ್ಲೂಕು ಸಮಿತಿಗಳಿವೆ, 15100 ಸಹಾಯವಾಣಿ ಇದೆ. ಇನ್ನೊಂದು ಬೋರ್ಡು, ಇನ್ನೊಂದು ಖುರ್ಚಿ ಸುಮ್ನೆ ಯಾಕೆ? ಉದ್ಘಾಟನೆಗೆ ಶಾಲು, ಹಾರ, ಫೋಟೊ, ಊಟ ಎಲ್ಲಾ ಜೋರಾಗಿರುತ್ತದೆ. ಮಾರನೇ ವಾರ ಹೋದರೆ ಬಾಗಿಲಿಗೆ ಬೀಗ.

ಇನ್ನು ಆ ಅಜ್ಜಿಯ ಪಿಂಚಣಿ. ಹಣ ಯಾಕೆ ನಿಂತಿತು ಅಂತ ಹೇಳುವುದು ಹಣ ನಿಲ್ಲಿಸಿದ ಕಚೇರಿಯ ಕೆಲಸ. ಒಂದು ಕಚೇರಿ ಮುಚ್ಚಿಟ್ಟಿದ್ದನ್ನು ಬಿಡಿಸಿ ಹೇಳಲು ಇನ್ನೊಂದು ಕಚೇರಿ ತೆರೆಯುವುದು ಯಾವ ಲೆಕ್ಕ? ಪಿಂಚಣಿ ನಿಂತ ತಿಂಗಳೇ ಅಜ್ಜಿ ಕೈಗೆ ಕನ್ನಡದಲ್ಲಿ ಒಂದು ಚೀಟಿ ಸಿಗಲಿ: ಕಾರಣ ಇದು, ಈ ಬ್ಯಾಂಕಿಗೆ ಹೋಗಿ, ಈ ಕಾಗದ ಒಯ್ಯಿರಿ. ಓದಲು ಬಾರದವರಿಗೆ ಗ್ರಾಮ ಆಡಳಿತಾಧಿಕಾರಿಯೇ ಓದಿ ಹೇಳಲಿ. ಅದಕ್ಕೆ ಹೊಸ ಕೇಂದ್ರವೂ ಬೇಡ, ಹೊಸ ಬಜೆಟ್ಟೂ ಬೇಡ.