ಬೆಕ್ಕು ಬಿದ್ದಿದ್ದೂ ನಿಜ, ಬದುಕಿದ್ದೂ ನಿಜ

ಬೆಳಗ್ಗೆಯಿಂದ ತಲೆ ಕೆಟ್ಟಿದೆ, ಇಲ್ಲಿ ಕಾರ್ಕೊಂಡು ಹಗುರಾಗ್ತೀನಿ. ಅಣ್ಣನ ಮಗ ಜಿಮ್ಯಾಟ್‌ಗೆ, ಅಂದ್ರೆ ಎಂಬಿಎ ಸೇರೋಕೆ ಬರೆಯೋ ಪರೀಕ್ಷೆಗೆ, ಓದ್ತಿದಾನೆ. 'ಕ್ರಿಟಿಕಲ್ ರೀಸನಿಂಗ್ ಕೈ ಕೊಡ್ತಿದೆ, ಒಂದ್ಸಲ ಹೇಳ್ಕೊಡಿ ಅತ್ತೆ' ಅಂತ ಬಂದ. ಒಂದು ವಾದ ಕೊಟ್ಟು ಅದರ ತರ್ಕ ಕೇಳೋ ಪ್ರಶ್ನೆಗಳು ಅವು. ಎಂಟು ವರ್ಷ ಕೋಚಿಂಗ್ ಕ್ಲಾಸಲ್ಲಿ ಇದನ್ನೇ ಅರಚಿ ಗಂಟಲು ಕೆಡಿಸಿಕೊಂಡವಳು ನಾನು. ಬಿಟ್ಟು ಬಂದ ಕತೆ ಬೇರೆ, ಈಗ ಕೆದಕಲ್ಲ.

ಅದರಲ್ಲಿ ಪ್ಯಾರಡಾಕ್ಸ್ ಪ್ರಶ್ನೆ ಅಂತ ಒಂದಿದೆ: ಒಂದಕ್ಕೊಂದು ಹೊಂದದ ಹಾಗೆ ಕಾಣೋ ಎರಡು ಮಾತು ಕೊಟ್ಟು, ಎರಡೂ ನಿಜ ಆಗೋದು ಹೇಗೆ ಅಂತ ತೋರಿಸೋ ಆಪ್ಷನ್ ಆರಿಸಿ ಅಂತಾರೆ. ಅದಕ್ಕೆ ನನ್ನ ಹಳೇ ಬೆಕ್ಕಿನ ಉದಾಹರಣೆ ತೆಗೆದೆ. 1987ರಲ್ಲಿ ನ್ಯೂಯಾರ್ಕಿನ ಇಬ್ಬರು ಪಶುವೈದ್ಯರು ಪ್ರಕಟಿಸಿದ ಅಧ್ಯಯನ ಅದು. ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಲೆಕ್ಕ. ಸುಮಾರು ಏಳನೇ ಮಹಡಿವರೆಗೆ, ಎತ್ತರ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಸರಿ, ಯಾರಾದ್ರೂ ಒಪ್ಪೋ ಮಾತು. ಅಲ್ಲಿಂದ ಮೇಲೆ ಪೆಟ್ಟು ಕಡಿಮೆ! ಯಾಕೆ? ಮೂರು ಆಪ್ಷನ್ ಬರೆದುಕೊಟ್ಟೆ. ಒಂದು, ಬೀಳುವಾಗ ಬೆಕ್ಕು ಮೈ ತಿರುಗಿಸಿ ಕಾಲ ಮೇಲೆ ಇಳಿಯುತ್ತೆ. ಎರಡು, ಎತ್ತರದ ಮಹಡಿಗಳಲ್ಲಿ ಬೆಕ್ಕು ಸಾಕುವವರು ಕಡಿಮೆ. ಮೂರು, ಬಿದ್ದಲ್ಲೇ ಸತ್ತ ಬೆಕ್ಕನ್ನ ಯಾರೂ ಆಸ್ಪತ್ರೆಗೆ ಹೊತ್ತೊಯ್ಯಲ್ಲ.

ಹತ್ತು ಸೆಕೆಂಡಲ್ಲಿ ಎರಡನೇದಕ್ಕೆ ಟಿಕ್ ಹಾಕಿದ. ಯಾಕೋ ಅಂದ್ರೆ, 'ಅದರಲ್ಲಿ ಮಹಡೀನೂ ಇದೆ, ಬೆಕ್ಕೂ ಇದೆ ಅತ್ತೆ. ಎರಡೂ ಕಡೆಯ ಪದ ಇರೋ ಆಪ್ಷನ್ ಹುಡುಕಿ ಅಂತ ಸರ್ ಟ್ರಿಕ್ ಹೇಳ್ಕೊಟ್ಟಿದಾರೆ.'

ಟ್ರಿಕ್ಕಂತೆ ಟ್ರಿಕ್ಕು! ಅದಕ್ಕೆ ಅವರಪ್ಪ ಕಟ್ಟಿರೋ ಫೀಸು ಎಷ್ಟು ಅಂತ ನನಗೆ ಗೊತ್ತು.

ಸಾಕುವವರು ಕಡಿಮೆಯಾದ್ರೆ ಬೀಳೋ ಬೆಕ್ಕುಗಳು ಕಡಿಮೆಯಾದಾವು. ಬಿದ್ದ ಬೆಕ್ಕಿನ ಮೂಳೆಗೆ ಆ ಲೆಕ್ಕ ಗೊತ್ತಾ? ಇನ್ನು ಕಾಲ ಮೇಲೆ ಇಳಿಯೋದು. ಮೂರನೇ ಮಹಡಿ ಬೆಕ್ಕೂ ಹಾಗೇ ಇಳಿಯುತ್ತೆ, ಒಂಬತ್ತನೇ ಮಹಡಿ ಬೆಕ್ಕೂ ಹಾಗೇ ಇಳಿಯುತ್ತೆ, ವ್ಯತ್ಯಾಸ ಎಲ್ಲಿಂದ ಬಂತು? ಮೂರನೇದು ನೋಡಿ. ತೀರಾ ಮೇಲಿಂದ ಬಿದ್ದು ಸತ್ತವು ಲೆಕ್ಕಕ್ಕೇ ಬರಲಿಲ್ಲ, ಬಂದವು ಗಟ್ಟಿ ಪಿಂಡಗಳು ಮಾತ್ರ. ಎತ್ತರ ಅಪಾಯ ಅನ್ನೋದೂ ಉಳೀತು, ಪಟ್ಟೀಲಿ ಪೆಟ್ಟು ಕಡಿಮೆ ಅನ್ನೋದೂ ಉಳೀತು. ಆ ವೈದ್ಯರು ಕೊಟ್ಟ ಕಾರಣವೇ ಬೇರೆ. ಬೀಳೋ ವೇಗ ಒಂದು ಮಿತಿ ಮುಟ್ಟಿ ನಿಂತಮೇಲೆ ಬೆಕ್ಕು ಮೈ ಸಡಿಲ ಬಿಟ್ಟು ಕೈಕಾಲು ಅಗಲಿಸುತ್ತೆ, ಏಟು ಮೈತುಂಬ ಹಂಚಿಹೋಗುತ್ತೆ ಅಂತ. ಅದನ್ನ ಆಪ್ಷನ್ ಮಾಡಿದ್ರೂ ಸರಿಯುತ್ತರವೇ. ಯಾವುದು ನಿಜ ಅಂತ ತೀರ್ಪು ಕೊಡೋ ಕೆಲಸ ನಮ್ಮದಲ್ಲ. ಪ್ರಶ್ನೆಯಲ್ಲೇ ಇರುತ್ತಲ್ಲ, 'ಇದು ನಿಜ ಎಂದಿಟ್ಟುಕೊಂಡರೆ' ಅಂತ.

ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ಕೊಟ್ಟಿರೋ ಎರಡು ಮಾತೂ ನಿಜ ಅಂತ ಒಪ್ಪೋಕೇ ಜನ ತಯಾರಿಲ್ಲ. ನನ್ನ ಕ್ಲಾಸಲ್ಲೂ ಪ್ರತಿ ಬ್ಯಾಚಲ್ಲಿ ಒಬ್ಬ ಎದ್ದು ನಿಲ್ತಿದ್ದ, 'ಮೇಡಂ, ಆ ಸರ್ವೇನೇ ತಪ್ಪಿರಬಹುದಲ್ವಾ?' ಅಂತ. ಅಯ್ಯಾ, ಒಂದು ಕಾಲು ಕತ್ತರಿಸಿಬಿಟ್ರೆ ಚಪ್ಪಲಿ ಜೋಡಿ ಆಗೋ ಪ್ರಶ್ನೆಯೇ ಇರಲ್ಲ! ಎರಡನ್ನೂ ಕೈಯಲ್ಲಿ ಹಿಡ್ಕೊಂಡು, ಇಲ್ಲಿ ಹೇಳದೇ ಬಿಟ್ಟಿರೋ ಮೂರನೇ ಸಂಗತಿ ಏನು ಅಂತ ಹುಡುಕಬೇಕು. ಅಷ್ಟೇ ಇದರ ಗುಟ್ಟು. (ಕೊಡೆ ತಂದ ದಿನವೇ ಮಳೆ ಬರಲ್ಲ ಅನ್ನೋದು ಪ್ಯಾರಡಾಕ್ಸ್ ಅಲ್ಲ, ಹಣೆಬರಹ. ಕಾಮೆಂಟಲ್ಲಿ ಅದನ್ನ ತರಬೇಡಿ.)

ಈಗ ಯಾರೋ ಹೇಳ್ತೀರಿ, ಪರೀಕ್ಷೇಲಿ ಅಷ್ಟು ಟೈಮೆಲ್ಲಿದೆ ಮೇಡಂ ಅಂತ. ಈ ಪ್ರಶ್ನೆಗಳು ಬರೋ ವರ್ಬಲ್ ಭಾಗದಲ್ಲಿ 23 ಪ್ರಶ್ನೆ, 45 ನಿಮಿಷ, ಒಂದಕ್ಕೆ ಎರಡು ನಿಮಿಷವೂ ಸಿಗಲ್ಲ. ಒಪ್ಪಿದೆ. ಆದರೆ ಪ್ರಶ್ನೆ ಮಾಡೋರು ಆ ಟ್ರಿಕ್ ಹಿಡಿದು ಬರೋರಿಗೇ ಅಂತ ತಪ್ಪು ಆಪ್ಷನ್ನಲ್ಲಿ ಬೆಕ್ಕು, ಮಹಡಿ ಎರಡನ್ನೂ ತುಂಬಿ ಇಟ್ಟಿರ್ತಾರೆ. ಹತ್ತು ಸೆಕೆಂಡಲ್ಲಿ ತಪ್ಪು ಮಾಡಿ ಉಳಿಸಿದ ಟೈಮಲ್ಲಿ ಏನು ಉಪ್ಪಿನಕಾಯಿ ಹಾಕ್ತೀರಾ?

ಇಷ್ಟೆಲ್ಲ ಕೂಗಾಡಿದವಳ ಯೋಗ್ಯತೆಯನ್ನೂ ಹೇಳಿಬಿಡ್ತೀನಿ. ಹೋದ ವರ್ಷ ಅಮ್ಮನಿಗೆ ಕಾಫಿಗೆ ಸಕ್ಕರೆ ನಿಲ್ಲಿಸಿ ಒಂದು ತಿಂಗಳಾಗಿತ್ತು. ಬಾಳೆಹಣ್ಣೂ ಮುಟ್ಟುತ್ತಿರಲಿಲ್ಲ. ಟೆಸ್ಟ್ ಮಾಡಿಸಿದ್ರೆ ಶುಗರ್ ಮೊದಲಿಗಿಂತ ಮೇಲಿದೆ! ನಾನೇನು ಮಾಡಿದೆ? ಒಂದು ಕಾಲು ಕತ್ತರಿಸಿದೆ. ಕದ್ದು ತಿಂತಿದಾಳೆ ಅಂತ ತೀರ್ಮಾನ ಮಾಡಿ, ಅವಳು ದೇವರ ಮನೇಲಿ ಇದ್ದಾಗ ವ್ಯಾನಿಟಿ ಬ್ಯಾಗ್ ಹುಡುಕಿದೆ. ಎರಡು ಏಲಕ್ಕಿ, ಮಡಚಿದ ಹತ್ತು ರೂಪಾಯಿ, ಹಸಿರು ಕಾಗದದ ಒಂದು ಪೆಪ್ಪರ್‌ಮಿಂಟ್. 'ಇದೇನಮ್ಮಾ ಇದು?' ಅಂತ ಮುಖದ ಮುಂದೆ ಹಿಡಿದೆ. ಅವಳು ಏನೂ ಹೇಳದೆ ಒಳಗೆ ಹೋದಳು. ಎರಡು ದಿನ ನನ್ನ ಹತ್ತಿರ ಮಾತಿಲ್ಲ.

ಡಾಕ್ಟರ್ ಹತ್ತಿರ ಕರ್ಕೊಂಡು ಹೋದಾಗ ಅವರು ಕೇಳಿದ್ದು ಒಂದೇ ಮಾತು, 'ಇತ್ತೀಚೆಗೆ ಏನಾದ್ರೂ ಇಂಜೆಕ್ಷನ್ ಹಾಕಿಸಿಕೊಂಡ್ರಾ?' ಹೌದು, ಟೆಸ್ಟಿಗೆ ಮೂರು ದಿನ ಮೊದಲು, ಮಂಡಿನೋವಿಗೆ ಮಂಡಿಗೇ ಕೊಡಿಸಿದ್ದು. ಸ್ಟೀರಾಯ್ಡ್. ಕೆಲವು ದಿನ ಶುಗರ್ ಏರಿಸುತ್ತೆ, ಆಮೇಲೆ ಇಳಿಯುತ್ತೆ ಅಂದರು. ಇಳೀತು ಕೂಡ.

ಆ ಪೆಪ್ಪರ್‌ಮಿಂಟ್ ಕೊಟ್ಟಿದ್ದು, ಆ ಇಂಜೆಕ್ಷನ್ ತಗೊಂಡ ಮೆಡಿಕಲ್ ಶಾಪಿನವನು. ಚಿಲ್ಲರೆ ಇಲ್ಲ ಅಂತ.