ಸತ್ತವರನ್ನು ಎಣಿಸಿದ ತಪ್ಪಿಗೆ ಪೆರು ಫಸ್ಟು

ಮೊನ್ನೆ ನೆಂಟರ ವಾಟ್ಸಾಪ್ ಗ್ರೂಪಿಗೆ ಯಾರೋ ಹಳೇ ಪಟ್ಟಿಯೊಂದನ್ನು ತಂದು ಹಾಕಿದ್ದರು. ಕೋವಿಡ್‌ಗೆ ಯಾವ ದೇಶದಲ್ಲಿ ಹತ್ತು ಲಕ್ಷ ಜನಕ್ಕೆ ಎಷ್ಟು ಸಾವು ಅಂತ. ತುದಿಯಲ್ಲಿ ಪೆರು, ನಾವು ಎಲ್ಲೋ ಕೆಳಗೆ, ಆಫ್ರಿಕಾದ ಬಹುಪಾಲು ದೇಶಗಳು ಇನ್ನೂ ಕೆಳಗೆ. ಜೊತೆಗೊಂದು ಒಕ್ಕಣೆ: "ನೋಡಿ ನಮ್ಮ ಇಮ್ಯುನಿಟಿ!" ಜಗಳಕ್ಕೆ ಬಾಯಿ ತುರಿಸಿತು. ಮುಂದಿನ ತಿಂಗಳು ಅವರ ಮನೇಲೇ ಮದುವೆ ಊಟ, ಸುಮ್ಮನಾದೆ. ಇಲ್ಲಿ ಕಾರಿಕೊಳ್ತೀನಿ.

ಪೆರು ತುದಿಗೆ ಹೋಗಿದ್ದು ಹೇಗೆ ಗೊತ್ತಾ? 2021ರ ಮೇ ಕೊನೆಯವರೆಗೂ ಅವರ ಸರ್ಕಾರಿ ಲೆಕ್ಕದಲ್ಲಿ ಸತ್ತವರು 69 ಸಾವಿರ ಚಿಲ್ಲರೆ. ಮೇ 31ರಂದು ಸರ್ಕಾರವೇ ಮುಂದೆ ಬಂದು, ಇಲ್ಲ, 1 ಲಕ್ಷ 80 ಸಾವಿರ ದಾಟಿದೆ ಅಂತ ಒಪ್ಪಿಕೊಂಡಿತು. ಟೆಸ್ಟ್ ಆಗದೇ, ರೋಗದ ಲಕ್ಷಣ ಇಟ್ಟುಕೊಂಡು ಸತ್ತವರನ್ನೂ ತಜ್ಞರ ಸಮಿತಿ ಲೆಕ್ಕಕ್ಕೆ ಸೇರಿಸಿತ್ತು, ಅಷ್ಟೆ. ರಾತ್ರೋರಾತ್ರಿ ಜಗತ್ತಿಗೆಲ್ಲ ಕೆಟ್ಟ ದೇಶವಾಗಿಬಿಟ್ಟಿತು.

ಹಾಗಂತ ಅಲ್ಲಿ ಎಲ್ಲ ಸರಿ ಇತ್ತು ಅಂತಲ್ಲ. 2020ರ ಮಾರ್ಚ್ ಮಧ್ಯದಲ್ಲೇ ಬಿಗಿ ಲಾಕ್‌ಡೌನ್ ಹಾಕಿದ್ದರು, ನಮಗಿಂತ ಮೊದಲು. ಆದರೆ ಸುಮಾರು ಅರ್ಧದಷ್ಟು ಮನೆಗಳಲ್ಲಿ ಆಗ ಫ್ರಿಜ್ಜೇ ಇರಲಿಲ್ಲ. ವಾರದ ತರಕಾರಿ ಒಮ್ಮೆಗೇ ತಂದಿಡು ಅಂದರೆ ಎಲ್ಲಿಡೋದು? ಮತ್ತೆ ಮತ್ತೆ ಸಂತೆಗೆ ಹೋಗಲೇಬೇಕು. ಸರ್ಕಾರ ಕೊಟ್ಟ ಪರಿಹಾರದ ದುಡ್ಡಿಗೆ ಬ್ಯಾಂಕಿನ ಮುಂದೆ ಕ್ಯೂ. ಆಮೇಲೆ ಖಾಲಿ ಸಿಲಿಂಡರ್ ಹೊತ್ತು ಆಕ್ಸಿಜನ್‌ಗೆ ಕ್ಯೂ. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಪೆರು ಬಡ ದೇಶವೂ ಅಲ್ಲ, ಮೇಲ್ಮಧ್ಯಮ ಆದಾಯದ್ದಂತೆ! ಆಕ್ಸಿಜನ್ ಇಲ್ಲದೇ ಜನ ಸತ್ತ ಚಾಮರಾಜನಗರ ನೋಡಿದ ನಮಗೆ ಆ ಕ್ಯೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪಟ್ಟಿಯ ಕೆಳತುದಿಗೆ ಬನ್ನಿ. ಜಾಂಬಿಯಾದ ಲುಸಾಕಾದಲ್ಲಿ 2020ರಲ್ಲಿ ಸಂಶೋಧಕರು ದೊಡ್ಡಾಸ್ಪತ್ರೆಯ ಶವಾಗಾರಕ್ಕೇ ಹೋಗಿ ಹೆಣಗಳ ಮೂಗಿನ ಸ್ವಾಬ್ ತೆಗೆದರು. 364 ಹೆಣಗಳಲ್ಲಿ 58 ಪಾಸಿಟಿವ್, ಆರರಲ್ಲಿ ಒಂದು! ಅವರಲ್ಲಿ ಹೆಚ್ಚಿನವರು ಸತ್ತಿದ್ದು ಆಸ್ಪತ್ರೆಯ ಹೊರಗೆ; ಬದುಕಿದ್ದಾಗ ಅವರಿಗೆ ಟೆಸ್ಟೇ ಆಗಿರಲಿಲ್ಲ. ಆಫ್ರಿಕಾದಲ್ಲಿ ಎಳೆವಯಸ್ಸಿನವರು ಜಾಸ್ತಿ, ಅದರಿಂದ ಸಾವು ಕಮ್ಮಿಯಾಗಿದ್ದಿರಬಹುದು, ಒಪ್ಪೋಣ. ಆದರೆ ಎಷ್ಟು ಕಮ್ಮಿ ಅನ್ನೋದನ್ನು ಆ ಪಟ್ಟಿ ನೋಡಿ ಹೇಳೋಕಾಗಲ್ಲ. ತಾಂಜಾನಿಯಾ ಅಂತೂ 2020ರ ಮೇನಲ್ಲಿ 509 ಕೇಸಿಗೇ ಎಣಿಸೋದನ್ನು ನಿಲ್ಲಿಸಿ, ವರ್ಷಕ್ಕೂ ಮೀರಿ ಅಲ್ಲೇ ಇತ್ತು.

ಇನ್ನು ನಾವು. 2020 ಮತ್ತು 2021 ಸೇರಿ ಭಾರತದ ಕೋವಿಡ್ ಸಾವು ಸರ್ಕಾರದ ಪ್ರಕಾರ 4.8 ಲಕ್ಷ; ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ, ನೇರವಾಗಿಯೋ ಪರೋಕ್ಷವಾಗಿಯೋ ಕೋವಿಡ್‌ನಿಂದಾದ ಹೆಚ್ಚುವರಿ ಸಾವು 47 ಲಕ್ಷ. ಲೆಕ್ಕ ಹಾಕಿದ ರೀತಿಯೇ ಸರಿಯಿಲ್ಲ ಅಂತ ನಮ್ಮ ಸರ್ಕಾರ ತಕರಾರು ತೆಗೆಯಿತು. ಅಂದಾಜು ಅಂದಮೇಲೆ ಹೆಚ್ಚುಕಮ್ಮಿ ಇರುತ್ತೆ. ಆದರೆ ಗುಜರಾತಿನಲ್ಲಿ ಲೆಕ್ಕದಲ್ಲಿದ್ದ ಸಾವು ಹತ್ತು ಸಾವಿರದ ಆಸುಪಾಸು, ಕೋವಿಡ್‌ಗೆ ಸತ್ತವರ ಮನೆಯವರಿಗೆ ಕೊಡೋ ಪರಿಹಾರದ ಅರ್ಜಿ ಮಂಜೂರಾಗಿದ್ದು 60 ಸಾವಿರಕ್ಕೂ ಹೆಚ್ಚು. ಇದು ಯಾವ ವಿದೇಶಿ ಮಾಡೆಲ್ಲೂ ಅಲ್ಲವಲ್ಲ?

ಬೇರೆಯವರದ್ದು ಯಾಕೆ, ನನ್ನದೇ ಹೇಳ್ತೀನಿ. 2021ರ ಮೇನಲ್ಲಿ ಊರಿನಲ್ಲಿ ಚಿಕ್ಕಪ್ಪನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಾಗ 78 ತೋರಿಸಿತು. ಬ್ಯಾಟರಿ ಹೋಗಿರಬೇಕು ಅಂತ ನನ್ನ ಬೆರಳಿಗೆ ಹಾಕಿ ನೋಡಿದೆ, 98. ಟೆಸ್ಟ್ ಮಾಡಿಸಿದರೆ ರಿಪೋರ್ಟಿಗೆ ನಾಲ್ಕು ದಿನ ಅಂದಿದ್ದರು, ಮಾಡಿಸಲೇ ಇಲ್ಲ. ಮಾರನೇ ದಿನ ಬೆಳಗಿನ ಜಾವಕ್ಕೆ ಹೋದರು. ಬರೆದುಕೊಳ್ಳೋಕೆ ಬಂದವರು ಏನಾಗಿತ್ತು ಅಂತ ಕೇಳಿದಾಗ "ಹಾರ್ಟು" ಅಂದವನು ನಾನೇ. ಕೊರೊನಾ ಅಂದರೆ ಹೆಗಲು ಕೊಡೋಕೆ ನಾಲ್ಕು ಜನ ಸಿಗ್ತಿರಲಿಲ್ಲ.

ಐವತ್ತು ಸಾವಿರ ಪರಿಹಾರ ಅಂತ ಆಮೇಲೆ ಪೇಪರಿನಲ್ಲಿ ಬಂದಾಗ ಚಿಕ್ಕಮ್ಮ ಆ ಪುಟ ಕತ್ತರಿಸಿ ಇಟ್ಟುಕೊಂಡು ನನಗೆ ಫೋನ್ ಮಾಡಿದ್ದರು. "ನೀನೇ ಅಲ್ವೇನೋ ಎಲ್ಲಾ ಬರೆಸಿದ್ದು, ಒಂಚೂರು ನೋಡು" ಅಂತ.